ಸುರಂಗದ ಮೇಲಣ ಊರು: ನೆಲದ ಚಲನೆಗೆ ಉಪಗ್ರಹದ ಸಾಕ್ಷ್ಯ

ಬಾವಿ ತೋಡುವ ಮುನ್ನ, ಮನೆಯ ಪಾಯ ಅಗೆಯುವ ಮುನ್ನ ನಮ್ಮ ಜನಪದರು ಭೂಮಿಪೂಜೆ ಮಾಡುತ್ತಾರೆ. ಯುರೋಪಿನ ಸುರಂಗ ಕಾರ್ಮಿಕರಲ್ಲಿ ಸಂತ ಬಾರ್ಬರಾಳ ಪ್ರತಿಮೆಯನ್ನು ಸುರಂಗದ ಬಾಯಲ್ಲಿರಿಸುವ, ಕೊರೆಯುವ ಯಂತ್ರಕ್ಕೆ ಹೆಣ್ಣಿನ ಹೆಸರಿಡುವ ಸಂಪ್ರದಾಯವಿದೆ. ಲಂಡನ್ನಿನ ಕ್ರಾಸ್‌ರೈಲ್ ಯೋಜನೆಯ ಎಂಟು ಯಂತ್ರಗಳಿಗೆ ಫಿಲಿಸ್, ಏಡಾ ಮೊದಲಾದ ಹೆಸರುಗಳಿದ್ದವು. ನೆಲವನ್ನು ಕೆಣಕುವಾಗಿನ ಅಳುಕು ಎರಡೂ ಕಡೆ ಒಂದೇ. ಈ ಅಳುಕಿಗೆ ವಿಜ್ಞಾನ ಕಂಡುಕೊಂಡ ಉತ್ತರಗಳಲ್ಲೊಂದರ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುರಂಗ ಕೊರೆಯುವಾಗ ಸುತ್ತಲ ಮಣ್ಣು ಸ್ವಲ್ಪಮಟ್ಟಿಗೆ ಒಳಕ್ಕೆ ಸರಿಯುತ್ತದೆ. ಪರಿಣಾಮವಾಗಿ ಮೇಲಿನ ನೆಲ ತೊಟ್ಟಿಯಂತೆ ತಗ್ಗುತ್ತದೆ. ಕಟ್ಟಡವೊಂದು ಸಮನಾಗಿ ಕುಸಿದರೆ ಹಾನಿ ಕಡಿಮೆ. ಒಂದು ಬದಿ ಹೆಚ್ಚು ಕುಸಿದಾಗ ಗೋಡೆ ಬಿರುಕು ಬಿಡುತ್ತದೆ. ಆಗ ಏಳುವ ಪ್ರಶ್ನೆ ಒಂದೇ: ಈ ಬಿರುಕು ಸುರಂಗಕ್ಕೆ ಮೊದಲೇ ಇತ್ತೆ? ಮನೆಯವನ ಮಾತಿಗೆ ದಾಖಲೆಯಿರುವುದಿಲ್ಲ. ಅಳತೆಯ ಉಪಕರಣಗಳನ್ನು ನೆಲದ ಮೇಲೆ ಹೂಡುವವರು ಸಾಮಾನ್ಯವಾಗಿ ಸುರಂಗ ಕಟ್ಟುವವರೇ.

ಉಪಗ್ರಹ ರೇಡಾರು ಈ ಕೊರತೆಯನ್ನು ಭಾಗಶಃ ತುಂಬಿತು. ಒಂದೇ ಸ್ಥಳದಿಂದ ಬೇರೆಬೇರೆ ದಿನಗಳಲ್ಲಿ ಪ್ರತಿಫಲಿಸಿ ಬಂದ ಅಲೆಗಳ ಹಂತವನ್ನು ಹೋಲಿಸಿ, ನೆಲ ಎಷ್ಟು ಸರಿದಿದೆಯೆಂದು ಲೆಕ್ಕ ಹಾಕುವುದು ಇದರ ತತ್ತ್ವ. 1991ರಲ್ಲಿ ಯುರೋಪು ಹಾರಿಸಿದ ಇಆರ್‌ಎಸ್-1 ಉಪಗ್ರಹದ ಚಿತ್ರಗಳಿಂದ, 1992ರ ಕ್ಯಾಲಿಫೋರ್ನಿಯದ ಲ್ಯಾಂಡರ್ಸ್ ಭೂಕಂಪದಲ್ಲಿ ನೆಲ ಸರಿದ ಬಗೆಯನ್ನು 1993ರಲ್ಲಿ ಪ್ರಕಟಿಸಲಾಯಿತು. ಆ ದಶಕದ ಕೊನೆಗೆ ಮಿಲಾನಿನ ಫೆರೆಟ್ಟಿ, ಪ್ರಾತಿ ಮತ್ತು ರೊಕ್ಕಾ ಅವರು ಕಟ್ಟಡಗಳಂತಹ ಸ್ಥಿರ ಪ್ರತಿಫಲಕ ಬಿಂದುಗಳನ್ನಷ್ಟೇ ಆರಿಸಿಕೊಳ್ಳುವ ವಿಧಾನವನ್ನು ರೂಪಿಸಿದರು. ನಗರಗಳ ಅಧ್ಯಯನಕ್ಕೆ ಇದರಿಂದ ಬಲ ಬಂದಿತು.

ಕ್ರಾಸ್‌ರೈಲ್‌ನ ಸುರಂಗಗಳನ್ನು 2012ರಿಂದ 2015ರವರೆಗೆ ಕೊರೆಯಲಾಯಿತು. ಇಟಲಿಯ ಕಾಸ್ಮೋ-ಸ್ಕೈಮೆಡ್ ಉಪಗ್ರಹಗಳು 2011ರಿಂದ 2015ರವರೆಗೆ ತೆಗೆದ 72 ಚಿತ್ರಗಳನ್ನು ಬಳಸಿ, ದಾರಿಯುದ್ದದ ಕಟ್ಟಡಗಳ ಕುಸಿತವನ್ನು ವಿದ್ವಾಂಸರು 2018ರಲ್ಲಿ ವಿಶ್ಲೇಷಿಸಿದರು. ಕೊರೆಯುವ ಮುನ್ನಿನ ಚಿತ್ರಗಳೂ ಅದರಲ್ಲಿದ್ದವೆಂಬುದು ಗಮನಾರ್ಹ. ನೆಲದ ಹಿಂದಿನ ಸ್ಥಿತಿಗೆ ಅವು ಸಾಕ್ಷಿಯಾದವು.

ಆದರೆ ಈ ಸಾಕ್ಷಿಗೂ ಮಿತಿಯಿದೆ. ಉಪಗ್ರಹವು ಮರಳಿ ಬರಲು ದಿನಗಳು ಹಿಡಿಯುತ್ತವೆ. ಉತ್ತರ-ದಕ್ಷಿಣ ದಿಕ್ಕಿನ ಚಲನೆ ಅದಕ್ಕೆ ಸರಿಯಾಗಿ ಕಾಣದು. 2019ರ ಆಗಸ್ಟ್ 31ರಂದು ಕೋಲ್ಕತ್ತದ ಬೌಬಜಾರಿನಲ್ಲಿ 'ಚಂಡಿ' ಎಂಬ ಕೊರೆಯುವ ಯಂತ್ರವು ಅಂತರ್ಜಲದ ಪದರಕ್ಕೆ ತಗುಲಿ, ನೀರು-ಮಣ್ಣು ಸುರಂಗಕ್ಕೆ ನುಗ್ಗಿ, ಹಳೆಯ ಮನೆಗಳು ಕುಸಿದವು. ಅಂತಹ ಹಠಾತ್ ಅನಾಹುತದಲ್ಲಿ ದಿನಗಳ ಅಂತರದ ಚಿತ್ರಗಳನ್ನಷ್ಟೇ ನೆಚ್ಚಿಕೊಳ್ಳಲಾಗದು. ಬಾಗಿಲು ಬಿಗಿಯಾಯಿತು, ಗೋಡೆ ಸದ್ದು ಮಾಡಿತು ಎಂಬ ನಿವಾಸಿಗಳ ಮಾತಿಗೂ ಕಿವಿಗೊಡಬೇಕಾಗುತ್ತದೆ.

2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹದ ಭಾಗಗಳು ಒಂದುಗೂಡಿದ್ದು ಬೆಂಗಳೂರಿನಲ್ಲಿ. ಭಾರತ ಮತ್ತು ಅಮೆರಿಕಗಳ ಈ ಜಂಟಿ ಉಪಗ್ರಹದ ಪಥವು 12 ದಿನಗಳಿಗೊಮ್ಮೆ ಮರುಕಳಿಸುತ್ತದೆ. ತನ್ನ ಒಡಲಲ್ಲೇ ಮೆಟ್ರೊ ಸುರಂಗಗಳನ್ನು ಧರಿಸಿರುವ ನಗರಕ್ಕೆ ಈ ನಂಟು ಅರ್ಥಪೂರ್ಣವಾದುದು.

ಕ್ಷೇತ್ರಕಾರ್ಯದಲ್ಲಿ ನಾವು ಕಲಿತ ಪಾಠವೂ ಇದೇ. ಹಾಡೊಂದು ಬದಲಾಗಿದೆ ಎನ್ನಬೇಕಾದರೆ ಮೊದಲಿನ ಪಾಠ ದಾಖಲಾಗಿರಬೇಕು. ನೆಲದ ವಿಷಯದಲ್ಲಿ ಆ ದಾಖಲೆ ಸುರಂಗ ತೋಡುವವರ ಕಪಾಟಿನಲ್ಲಿ ಮಾತ್ರ ಉಳಿಯದೆ, ಅದರ ಮೇಲೆ ಬದುಕುವವರಿಗೂ ದೊರೆಯುವಂತಾಗಬೇಕು.