ರೆಗಿಯೊನಾಲ್‌ಲೀಗಾ ಬಯರ್ನ್

ಜರ್ಮನಿಯ ಬವೇರಿಯಾ ರಾಜ್ಯದ ಪುರುಷರ ಫುಟ್‌ಬಾಲ್ ಲೀಗ್. ದೇಶದ ನಾಲ್ಕನೇ ದರ್ಜೆಯ ಐದು ಲೀಗ್‌ಗಳಲ್ಲೊಂದು. ಇದರ ಮೇಲಿರುವುದು ಬುಂಡೆಸ್‌ಲೀಗಾ, ಎರಡನೇ ಬುಂಡೆಸ್‌ಲೀಗಾ, ಮೂರನೇ ಲೀಗಾ. 2012ರಲ್ಲಿ ದಕ್ಷಿಣದ ಲೀಗ್ ರದ್ದಾದಾಗ ಹುಟ್ಟಿದ ಇದನ್ನು ಬವೇರಿಯನ್ ಫುಟ್‌ಬಾಲ್ ಸಂಸ್ಥೆ ನಡೆಸುತ್ತದೆ. ಅಲ್ಲಿಯವರೆಗೆ ರಾಜ್ಯದ ಮುಖ್ಯ ಲೀಗ್ ಆಗಿದ್ದ, 1945ರಷ್ಟು ಹಳೆಯ ಬಯರ್ನ್‌ಲೀಗಾ ಆಗಲೇ ಉತ್ತರ, ದಕ್ಷಿಣ ಎಂದು ಎರಡಾಗಿ ಐದನೇ ದರ್ಜೆಯಲ್ಲಿ ಉಳಿಯಿತು.

ಇಲ್ಲಿ ಪಟ್ಟ ಗೆದ್ದರೂ ಬಡ್ತಿ ಖಾತ್ರಿಯಿಲ್ಲ. ಐವರು ಚಾಂಪಿಯನ್ನರಿಗೆ ಮೇಲಿನ ಲೀಗ್‌ನಲ್ಲಿರುವುದು ನಾಲ್ಕೇ ಸ್ಥಾನ. ಪಶ್ಚಿಮ ಮತ್ತು ನೈಋತ್ಯದ ವಿಜೇತರು ನೇರವಾಗಿ ಏರುತ್ತಾರೆ. ಉತ್ತರ, ಈಶಾನ್ಯ, ಬವೇರಿಯಾಗಳಲ್ಲಿ ಒಂದಕ್ಕೆ ಸರದಿಯಂತೆ ನೇರ ಬಡ್ತಿ; ಉಳಿದಿಬ್ಬರು ಎರಡು ಪಂದ್ಯಗಳ ಪ್ಲೇಆಫ್ ಆಡಬೇಕು. ವರ್ಷವಿಡೀ ಗೆದ್ದವರಿಗೆ ಇದು ಅನ್ಯಾಯವೆಂಬ ದೂರು ಹಳೆಯದು, ಸಕಾರಣವಾದದ್ದೂ ಹೌದು.

ದೊಡ್ಡ ಕ್ಲಬ್‌ಗಳ ಮೀಸಲು ತಂಡಗಳೂ ಇಲ್ಲಿ ಆಡುತ್ತವೆ. ಮೊದಲ ಚಾಂಪಿಯನ್ 1860 ಮ್ಯೂನಿಕ್‌ನ ಎರಡನೇ ತಂಡ. 1966ರಲ್ಲಿ ಬುಂಡೆಸ್‌ಲೀಗಾ ಗೆದ್ದಿದ್ದ ಅದೇ ಕ್ಲಬ್‌ನ ಮುಖ್ಯ ತಂಡ 2017ರಲ್ಲಿ ಎರಡನೇ ದರ್ಜೆಯಿಂದ ಜಾರಿತು. ಮೂರನೇ ಲೀಗಾದ ಪರವಾನಗಿಯೂ ಸಿಗದೆ ನೇರವಾಗಿ ಇಲ್ಲಿಗೇ ಬಂದು ಬಿತ್ತು. ಮರುವರ್ಷ ಪಟ್ಟ ಗೆದ್ದು, ಪ್ಲೇಆಫ್‌ನಲ್ಲಿ ಸಾರ್‌ಬ್ರೂಕನ್ ತಂಡವನ್ನು ಒಟ್ಟು 5–4ರಿಂದ ಸೋಲಿಸಿ ಮೇಲೆದ್ದಿತು. ವಲಸೆ ಬಂದ ತುರ್ಕರು 1975ರಲ್ಲಿ ಕಟ್ಟಿದ ಕ್ಲಬ್‌ನ ಪರಂಪರೆಯ ಟರ್ಕ್‌ಗೂಚು ಮ್ಯೂನಿಕ್ 2020ರಲ್ಲಿ ಇಲ್ಲಿಂದಲೇ ಮೂರನೇ ಲೀಗಾ ತಲುಪಿತು.