ಮೊಟ್ಟೆಯಿಂದ ಬೆರಳುದ್ದದವರೆಗೆ: ಮೀನುಮರಿ ಸಾಕಿದವರ ಕಥೆ

ಕೊಲ್ಲಿ ನಾಡಿನ ಮೀನು ಅಂಗಡಿಗಳಲ್ಲಿ ಅಂಜಲ್, ಬಂಗುಡೆಗಳ ಜೊತೆ ಫ್ರೀಜರ್‌ನಲ್ಲಿ ರೋಹು ಕೂಡ ಸಿಗುತ್ತದೆ. ಕರಾವಳಿಯವರಾದ ನಮಗೆ ಅದು ಅಷ್ಟಾಗಿ ರುಚಿಸದು; ಸಿಹಿನೀರಿನ ಮೀನಿಗೆ ಕೆಸರಿನ ವಾಸನೆ ಎಂಬುದು ನಮ್ಮ ಹಳೆಯ ತಕರಾರು. ಬಂಗಾಳ, ಬಾಂಗ್ಲಾದೇಶದ ಗೆಳೆಯರಿಗಾದರೆ ಅದೇ ಬೇಕು. ಆದರೆ ಸಾಕಿದ ರೋಹು ಇಷ್ಟು ಸುಲಭವಾಗಿ ಸಿಗುವಂತಾದದ್ದು ಈಚೆಗೆ.

ಮೀನಿಗೆ ಉಣಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಆಹಾರ ಎಂದು ಅಲ್ಲಿ ಹೇಳಿದೆ. ಆದರೆ ಅರಸನ ಗುರಿ ಗಾಳದ ಆಟ. ಮರಿ ಸಾಕುವುದು ಬೇರೆಯೇ ವಿದ್ಯೆ, ಅದು ಬೆಳೆದದ್ದು ಬಂಗಾಳದಲ್ಲಿ.

ಕಾಟ್ಲಾ, ರೋಹು, ಮೃಗಾಲ್ ಕೆರೆಯಲ್ಲಿ ಸೊಗಸಾಗಿ ಬೆಳೆಯುತ್ತವೆ, ಮೊಟ್ಟೆ ಮಾತ್ರ ಇಡುವುದಿಲ್ಲ. ಅದಕ್ಕೆ ಮಳೆಗಾಲದ ನದಿಯ ಪ್ರವಾಹವೇ ಬೇಕು. ಹಾಗಾಗಿ ಗಂಗೆಯಲ್ಲಿ ತೇಲಿಬರುವ ಮರಿಗಳನ್ನು ಬಲೆಯಲ್ಲಿ ಹಿಡಿದು, ಮಣ್ಣಿನ ಹಂಡಿಗಳಲ್ಲಿ ತುಂಬಿ, ರೈಲಿನಲ್ಲಿ ದೂರದೂರಕ್ಕೆ ಒಯ್ಯುತ್ತಿದ್ದರು. ನೀರಿಗೆ ಗಾಳಿ ಸೇರಲೆಂದು ದಾರಿಯುದ್ದಕ್ಕೂ ಕೈಯಿಂದ ಕಲಕುತ್ತಿರಬೇಕು. ಅಷ್ಟು ಮಾಡಿದರೂ ಹಂಡಿಯಲ್ಲಿ ಬಂದದ್ದು ಕಲಬೆರಕೆ; ಬೇಕಾದ ಮೀನಿನ ಮರಿಗಳ ಜೊತೆ ಅವನ್ನೇ ತಿನ್ನುವ ಮೀನಿನ ಮರಿಗಳೂ ಸೇರಿರುತ್ತಿದ್ದವು.

ಈ ಗಂಟು ಬಿಡಿಸಿದವರು ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅವರು ಒಂದು ಮೀನಿನ ಮೆದುಳಿನ ಬುಡದಲ್ಲಿರುವ ಪುಟ್ಟ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಅದರ ರಸವನ್ನು ಇನ್ನೊಂದು ಮೀನಿಗೆ ಚುಚ್ಚಿ, ನಿಂತ ನೀರಿನಲ್ಲೇ ಮೊಟ್ಟೆ ಇಡಿಸಿದರು. ಬ್ರೆಜಿಲ್‌ನಲ್ಲಿ 1930ರ ದಶಕದಲ್ಲೇ ಈ ಉಪಾಯ ನಡೆದಿತ್ತು. ನಮ್ಮ ಗೆಂಡೆ ಮೀನುಗಳು ಮಣಿದದ್ದು ಆಗ. ಕೇರಳದ ಕೆ.ಎಚ್. ಆಲಿಕುಂಞಿ ಅವರೊಡನೆ ಚೌಧುರಿ ಬರೆದ ವರದಿ ಅದೇ ವರ್ಷ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಜುಲೈ 10 ಇಂದು ದೇಶದಲ್ಲಿ ಮೀನುಕೃಷಿಕರ ದಿನ.

ಚುಚ್ಚುಮದ್ದಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅದು ಅರ್ಧ ಕಥೆ ಅನ್ನಿಸುತ್ತದೆ. ಲಕ್ಷಗಟ್ಟಲೆ ಮೊಟ್ಟೆ ಒಡೆದು ಮರಿಯಾದ ಮೇಲೆ ಅವಕ್ಕೆ ಉಣಿಸುವವರು ಯಾರು?

ಹುಟ್ಟಿದ ಮರಿ ಮೂರು ದಿನ ತನ್ನ ಹೊಟ್ಟೆಗೆ ಅಂಟಿದ ಹಳದಿ ಚೀಲವನ್ನೇ ಉಂಡು ಬದುಕುತ್ತದೆ. ಬುತ್ತಿ ಮುಗಿಯುತ್ತಲೇ ಬಾಯಿ ತೆರೆಯುತ್ತದೆ, ಆಗ ಅದರ ಉದ್ದ ಅಕ್ಕಿಕಾಳಿನಷ್ಟು. ಆ ಬಾಯಿಗೆ ಹಿಡಿಸುವುದು ನೀರಿನ ಅತಿ ಸಣ್ಣ ಜೀವಿಗಳು ಮಾತ್ರ. ಅವು ಹುಟ್ಟಲೆಂದು ಮರಿ ಬಿಡುವ ಎರಡು ವಾರ ಮೊದಲೇ ಕೊಳಕ್ಕೆ ಹಸಿ ಸಗಣಿ ಹಾಕುತ್ತಾರೆ. ಸಗಣಿಗೆ ನೀರಿನ ಕೀಟಗಳೂ ಹುಟ್ಟುತ್ತವೆ, ಅವು ಮರಿಗಳನ್ನು ಹಿಡಿದು ತಿನ್ನುತ್ತವೆ. ಅದಕ್ಕೂ ಉಪಾಯ ಕಂಡುಕೊಂಡರು: ಮರಿ ಬಿಡುವ ಹಿಂದಿನ ದಿನ ಸೋಪು ಕರಗಿಸಿದ ಎಣ್ಣೆಯನ್ನು ನೀರಿನ ಮೇಲೆ ಹರಡುವುದು. ಉಸಿರಿಗೆಂದು ಮೇಲೆ ಬಂದ ಕೀಟಗಳು ಎಣ್ಣೆಯ ಪದರದಡಿ ಉಸಿರುಗಟ್ಟಿ ಸಾಯುತ್ತವೆ.

ಆಮೇಲೆ ಊಟ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದದ್ದು. ಮೊದಲ ಐದು ದಿನ, ಬಿಡುವಾಗ ಮರಿಗಳಿದ್ದ ತೂಕದ ನಾಲ್ಕು ಪಟ್ಟು ದಿನಕ್ಕೆ. ಮುಂದೆ ಎಂಟು ಪಟ್ಟು. ನಮ್ಮ ಕೊಟ್ಟಿಗೆಯ ಹಸುವಿಗೆ ಇಡುತ್ತಿದ್ದ ಹಿಂಡಿ-ತೌಡೇ ಇದು! ಹದಿನೈದು ಇಪ್ಪತ್ತು ದಿನಗಳಲ್ಲಿ ಮರಿ ಒಂದು ಅಂಗುಲದಷ್ಟಾಗುತ್ತದೆ. ಆ ದಿನಗಳಲ್ಲಿ ಹೊಟ್ಟೆಗೆ ಬೀಳದಿದ್ದರೆ ಚೌಧುರಿಯವರ ಚುಚ್ಚುಮದ್ದಿಗೂ ಬೆಲೆಯಿಲ್ಲ. ಹಿಂದೆ ನದಿಯಿಂದ ತಂದು ಬಿಟ್ಟ ಮರಿಗಳಲ್ಲಿ ನೂರಕ್ಕೆ ಬೆರಳೆಣಿಕೆಯಷ್ಟು ಉಳಿದರೆ ಹೆಚ್ಚು. ಈಗ ಚೆನ್ನಾಗಿ ನೋಡಿಕೊಂಡ ಕೊಳದಲ್ಲಿ ಮೂರರಲ್ಲೊಂದು, ಕೆಲವೊಮ್ಮೆ ಅರ್ಧ ಉಳಿಯುತ್ತವೆ.

ಶಿವಮೊಗ್ಗದ ಕಡೆಯವರಿಗೆ ಭದ್ರಾ ಅಣೆಕಟ್ಟಿನ ಕೆಳಗಿನ ಬಿ.ಆರ್. ಪ್ರಾಜೆಕ್ಟ್‌ನ ಮೀನುಮರಿ ಕೇಂದ್ರ ಗೊತ್ತಿರುತ್ತದೆ. ಈಗ ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಊರಿನ ಕೆರೆಗಳಿಗೆ ಹೋಗುತ್ತವೆ, ಹಂಡಿ ಕಲಕುವ ಕೆಲಸ ಹೋಯಿತು. ಮರಿಕೊಳದ ದಂಡೆಯಲ್ಲಿ ನಿಂತು ಹಿಂಡಿ-ತೌಡು ಎರಚುವುದು ಮಾತ್ರ ಈಗಲೂ ಹೆಚ್ಚಾಗಿ ಕೈಯಲ್ಲೇ.