ಎಲ್ಲರೂ ತಿದ್ದುವ ಪುಸ್ತಕಕ್ಕೆ ಕಾವಲುಗಾರರು ಯಾರು?

ಹಳೆಯ ಕನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರಿಗೆ ಒಂದು ತೊಡಕು ತಪ್ಪದೆ ಎದುರಾಗುತ್ತಿತ್ತು. ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡುವಾಗ ಲಿಪಿಕಾರ ಕೈತಪ್ಪಿ ಬರೆದದ್ದು, ಅರ್ಥವಾಗದೆ ತಿದ್ದಿದ್ದು, ಭಕ್ತಿಯಿಂದ ಸೇರಿಸಿದ್ದು ಎಲ್ಲವೂ ಮೂಲದೊಳಗೆ ಬೆರೆತುಹೋಗಿರುತ್ತಿದ್ದವು. ಹೀಗೆ ಹೊರಗಿನಿಂದ ಬಂದು ಸೇರಿದ ಭಾಗವನ್ನು ಪಂಡಿತರು ‘ಪ್ರಕ್ಷಿಪ್ತ’ ಎಂದು ಕರೆದರು. 1891ರಲ್ಲಿ ಆರಂಭವಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಂಥ ಸಂಸ್ಥೆಗಳು ಕೃತಿಯೊಂದರ ಹಲವು ಪ್ರತಿಗಳನ್ನು ಕೂಡಿಹಾಕಿ, ಒಂದರೊಡನೊಂದು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ ಅಚ್ಚು ಹಾಕಿಸಿದವು. ಆದರೆ ಒಂದು ಪದ್ಯವನ್ನು ಯಾರು, ಯಾವಾಗ, ಏಕೆ ಸೇರಿಸಿದರೆಂಬುದನ್ನು ಓಲೆಗರಿ ಹೇಳುತ್ತಿರಲಿಲ್ಲ. ಅದನ್ನು ಊಹಿಸಬೇಕಾಗಿತ್ತು.

ಇದೇ ತೊಡಕು ಈಗ ಅಂತರಜಾಲದಲ್ಲಿ ಹೊಸ ರೂಪ ತಾಳಿದೆ. ಓದುವವರೆಲ್ಲರೂ ತಿದ್ದಬಹುದಾದ ಪುಟಗಳನ್ನು ಅಮೆರಿಕದ ಕಂಪ್ಯೂಟರ್ ತಜ್ಞ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್‌ನಲ್ಲಿ ಮೊದಲಿಗೆ ರೂಪಿಸಿದ. ಹೊನೊಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸಿನ ಹೆಸರನ್ನು ಅದಕ್ಕಿಟ್ಟ. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ ಎಂದರ್ಥ. ಈ ತಂತ್ರವನ್ನೇ ಬಳಸಿಕೊಂಡು 2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿತು. ಅದರ ಕನ್ನಡ ಆವೃತ್ತಿ 2003ರಲ್ಲಿ ಆರಂಭವಾಯಿತು. ಇಂದು ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ.

ಕನ್ನಡಿಗರಿಗೆ ವಿಶ್ವಕೋಶ ಹೊಸದೇನಲ್ಲ. ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿ ಹೊರಬಂತು. ಅಚ್ಚಿನ ಕೋಶದಲ್ಲಿ ಪರಿಶೀಲನೆ ಮೊದಲು, ಪ್ರಕಟಣೆ ಆಮೇಲೆ. ವಿಕಿಪೀಡಿಯದಲ್ಲಿ ಈ ಕ್ರಮ ತಿರುಗುಮುರುಗು: ಬರೆದದ್ದು ಆ ಕ್ಷಣವೇ ಪ್ರಕಟವಾಗುತ್ತದೆ, ಪರಿಶೀಲನೆ ಆನಂತರ ನಡೆಯುತ್ತದೆ.

ಇಂಥ ವ್ಯವಸ್ಥೆ ಉಳಿದುಕೊಂಡಿರುವುದು ಓಲೆಗರಿಗೆ ಇಲ್ಲದ ನೆನಪಿನ ಬಲದಿಂದ. ಪ್ರತಿ ಪುಟದ ಹಿಂದೆಯೂ ‘ಇತಿಹಾಸ’ವೊಂದಿರುತ್ತದೆ. ಯಾವ ದಿನ, ಯಾವ ಹೆಸರಿನವರು, ಯಾವ ಅಕ್ಷರ ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಪುಟವನ್ನು ಕೆಡಿಸಲು ಹತ್ತು ನಿಮಿಷ ಹಿಡಿದರೆ ಹಿಂದಿನ ರೂಪಕ್ಕೆ ಮರಳಿಸಲು ಒಂದು ಒತ್ತು ಸಾಕು. ‘ಇತ್ತೀಚಿನ ಬದಲಾವಣೆಗಳು’ ಎಂಬ ಪುಟದಲ್ಲಿ ಇಡೀ ತಾಣದ ತಿದ್ದುಪಡಿಗಳು ಸಾಲಾಗಿ ಕಾಣಿಸುತ್ತವೆ. ಅದನ್ನು ನೋಡುತ್ತ ಕೂರುವ ಸ್ವಯಂಸೇವಕರೇ ಇಲ್ಲಿನ ಕಾವಲುಗಾರರು. ಅವರ ಪೈಕಿ ಕೆಲವರನ್ನು ಸಮುದಾಯವು ‘ನಿರ್ವಾಹಕ’ರನ್ನಾಗಿ ಆರಿಸುತ್ತದೆ. ಪುಟ ಅಳಿಸುವ, ಕಿಡಿಗೇಡಿಗಳನ್ನು ತಡೆಯುವ ಅಧಿಕಾರ ಅವರಿಗುಂಟು. ಸಂಬಳವಿಲ್ಲ. ಜಗಳ ಬಂದರೆ ಚರ್ಚಿಸುವ ಜಾಗಕ್ಕೆ ಕನ್ನಡ ವಿಕಿಪೀಡಿಯದಲ್ಲಿ ‘ಅರಳಿಕಟ್ಟೆ’ ಎಂದೇ ಹೆಸರು.

ಕೆಡಿಸುವವರಲ್ಲಿ ಎರಡು ಬಗೆಯವರನ್ನು ಹಿಡಿಯುವುದು ಸುಲಭ. ಮೊದಲನೆಯವರು ಬೈಗುಳ ಬರೆದು ಖುಷಿಪಡುವ ತುಂಟರು. ಎರಡನೆಯವರು ಜಾಹೀರಾತಿನವರು, ಅಂದರೆ ‘ಸ್ಪ್ಯಾಮ್’ ತುರುಕುವವರು. ಹೆಸರಾಂತ ತಾಣದಲ್ಲಿ ತಮ್ಮ ಕೊಂಡಿಯಿದ್ದರೆ ಗೂಗಲ್‌ನಂಥ ಶೋಧಯಂತ್ರಗಳು ತಮಗೂ ಮೇಲಿನ ಸ್ಥಾನ ಕೊಡುತ್ತವೆಂಬುದು ಇವರ ಲೆಕ್ಕಾಚಾರ. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯವು ಹೊರಕೊಂಡಿಗಳನ್ನು ಗಣನೆಗೆ ತೆಗೆದುಕೊಳ್ಳಬೇಡಿ ಎಂಬ ಸೂಚನೆಯನ್ನು ಶೋಧಯಂತ್ರಗಳಿಗೆ ಕೊಡಲಾರಂಭಿಸಿತು. ಇದರಿಂದ ಆ ಆಸೆಯ ಬೇರಿಗೇ ಪೆಟ್ಟು ಬಿತ್ತು. ನಿಷೇಧಿತ ತಾಣಗಳ ಪಟ್ಟಿ, ಅನುಮಾನಾಸ್ಪದ ತಿದ್ದುಪಡಿಗಳನ್ನು ತಡೆಯುವ ಜರಡಿಗಳು, ತಾವಾಗಿಯೇ ಹಾನಿ ಸರಿಪಡಿಸುವ ‘ಬಾಟ್’ ತಂತ್ರಾಂಶಗಳು ಇವೆಲ್ಲ ಕ್ರಮೇಣ ಸೇರಿಕೊಂಡವು.

ಹಿಡಿಯಲು ಕಷ್ಟವಾದದ್ದು ಸಭ್ಯ ಭಾಷೆಯಲ್ಲಿ ಬರೆದ ಸುಳ್ಳು. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಹೆಸರನ್ನು ಕೆನಡಿ ಹತ್ಯೆಯೊಂದಿಗೆ ತಳುಕು ಹಾಕಿದ ಬರಹ ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಅದಾದ ಮೇಲೆ, ಹೆಸರು ನೋಂದಾಯಿಸದವರು ಇಂಗ್ಲಿಷ್‌ನಲ್ಲಿ ಹೊಸ ಪುಟ ತೆರೆಯುವುದನ್ನು ನಿಲ್ಲಿಸಲಾಯಿತು.

ಸಾವಿರಾರು ಕಣ್ಣುಗಳ ಇಂಗ್ಲಿಷ್‌ಗೇ ಈ ಗತಿಯಾದರೆ ಕನ್ನಡದ ಪಾಡೇನು? ಸಣ್ಣ ಆವೃತ್ತಿಗಳನ್ನು ಕಾಯಲು ಬೇರೆ ಬೇರೆ ದೇಶಗಳ ಸ್ವಯಂಸೇವಕರು ನೆರವಾಗುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು. ಉದಾಹರಣೆಗೆ, ಬೆಂಗಳೂರಿನ ಪಶ್ಚಿಮಕ್ಕೆ ನಾಗರಭಾವಿಯ ಪಕ್ಕದಲ್ಲಿರುವ ಅನ್ನಪೂರ್ಣೇಶ್ವರಿ ನಗರದ ಬಗ್ಗೆ ಲೇಖನವೊಂದಿದೆ ಎಂದುಕೊಳ್ಳೋಣ. ಅದರೊಳಗೆ ಯಾರೋ ನಿವೇಶನ ಮಾರಾಟದ ಕೊಂಡಿ ತುರುಕಿದರೆ ಪೋಲೆಂಡಿನಲ್ಲಿ ಕುಳಿತವರೂ ಅದನ್ನು ಗುರುತಿಸಿ ತೆಗೆದುಹಾಕಬಲ್ಲರು. ಆದರೆ ‘ಈ ಬಡಾವಣೆಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರು’ ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಸೇರಿಸಿದರೆ? ಅದನ್ನು ಓದಿ ನಗಲು ಕನ್ನಡ ಬಲ್ಲ, ಊರು ಬಲ್ಲ ಓದುಗರೇ ಬೇಕು.

ಕೆಟ್ಟ ಉದ್ದೇಶವಿಲ್ಲದೆಯೂ ಹಾನಿಯಾಗಬಹುದು ಎಂಬುದು ಕನ್ನಡಕ್ಕೆ ಅನುಭವದಿಂದಲೇ ತಿಳಿಯಿತು. 2009ರಿಂದ 2011ರವರೆಗೆ ಗೂಗಲ್ ಸಂಸ್ಥೆಯು ಯಂತ್ರದ ನೆರವು ಪಡೆದ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಬಂಗಾಳಿ ಮೊದಲಾದ ಭಾಷೆಗಳಿಗೆ ತರಿಸಿತು. ಲೇಖನಗಳ ಸಂಖ್ಯೆ, ಗಾತ್ರ ಎರಡೂ ಹಿಗ್ಗಿದವು. ಆದರೆ ಆಯ್ದ ವಿಷಯಗಳಲ್ಲಿ ಬಹಳಷ್ಟು ಕನ್ನಡ ಓದುಗರ ಅಗತ್ಯಕ್ಕೆ ದೂರವಾಗಿದ್ದವು. ವಾಕ್ಯಗಳೋ ಅಕ್ಷರ ಕನ್ನಡದ್ದು, ನಡೆ ಇಂಗ್ಲಿಷಿನದು. ಬಂಗಾಳಿಗರು ಈ ಲೇಖನಗಳನ್ನು ತಳ್ಳಿಹಾಕಿದರು. ತಮಿಳರು ಮಾತುಕತೆಗೆ ಕೂತು ಷರತ್ತು ಹಾಕಿದರು. ಕನ್ನಡದಲ್ಲಿ ಅವು ರಾಶಿಯಾಗಿ ಉಳಿದವು. ಯೋಜನೆ ನಿಂತು ವರ್ಷಗಳಾದ ಮೇಲೂ ಅವುಗಳನ್ನು ಶುದ್ಧಗೊಳಿಸುವ ಕೆಲಸ ಬೆರಳೆಣಿಕೆಯ ಸ್ವಯಂಸೇವಕರ ಪಾಲಿಗೆ ಬಂತು.

ಇದು ಕನ್ನಡದೊಂದರ ಕಷ್ಟವಲ್ಲ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆಯೇ ಬಾರದ ಅಮೆರಿಕನ್ ಹುಡುಗನೊಬ್ಬ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನ ಬರೆದಿದ್ದ ಸಂಗತಿ 2020ರಲ್ಲಿ ಬಯಲಾಯಿತು. ಅವನದು ಕಿಡಿಗೇಡಿತನವಲ್ಲ, ಉತ್ಸಾಹ. ತಡೆಯಬಲ್ಲ ಸ್ಕಾಟ್ಸ್ ಓದುಗರು ಇತ್ತ ಸುಳಿಯದಿದ್ದದ್ದೇ ಅನಾಹುತಕ್ಕೆ ಕಾರಣ.

ಈಗ ಈ ಮಾತಿನ ತೂಕ ಇನ್ನಷ್ಟು ಹೆಚ್ಚಿದೆ. ಮನುಷ್ಯರಂತೆ ಬರೆಯುವ ಕಂಪ್ಯೂಟರ್ ತಂತ್ರಾಂಶಗಳು ಭಾಷೆ ಕಲಿಯುವ ಆಕರಗಳಲ್ಲಿ ವಿಕಿಪೀಡಿಯ ಮುಖ್ಯವಾದದ್ದು. ಅಂತರಜಾಲದಲ್ಲಿ ಬರಹ ಕಡಿಮೆಯಿರುವ ಭಾಷೆಗಳಿಗಂತೂ ಅದೇ ದೊಡ್ಡ ಆಸರೆ. ಇಂದು ಅಲ್ಲಿ ಉಳಿದ ತಪ್ಪನ್ನು ಯಂತ್ರ ಕಲಿತು, ನಾಳೆ ಅದನ್ನೇ ಮತ್ತೆ ಬರೆದು, ಮತ್ತೊಬ್ಬರು ಅದನ್ನು ನಂಬಿ ವಿಕಿಪೀಡಿಯಕ್ಕೇ ಸೇರಿಸುವ ಸಾಧ್ಯತೆಯಿದೆ. ಪ್ರಕ್ಷಿಪ್ತವೇ ಮೂಲವೆನಿಸುವುದು ಹೀಗೆ.

ಓಲೆಗರಿಯ ಪಂಡಿತರಿಗೆ ದಾಖಲೆಯಿರಲಿಲ್ಲ, ಆದರೆ ಸಾಲುಸಾಲನ್ನೂ ಅನುಮಾನದಿಂದ ಓದುವ ಪರಿಣತಿಯಿತ್ತು. ಇಂದು ದಾಖಲೆಗೆ ಕೊರತೆಯಿಲ್ಲ. ತಿದ್ದುವ ಗುಂಡಿ ಪ್ರತಿ ಪುಟದ ಮೇಲೂ ಇದೆ. ತಪ್ಪು ಕಂಡಾಗ ಬೈದು ಮುಂದೆ ಹೋಗದೆ ಅದನ್ನು ಒತ್ತುವ ಕನ್ನಡಿಗರು ಇನ್ನಷ್ಟು ಮಂದಿ ಬೇಕಾಗಿದ್ದಾರೆ.